ತಪ್ಪೆಂದು ತಿಳಿದೇ ಕೊಟ್ಟ ಆದೇಶ: ರಾಜಕೀಯ ಧಾರಾವಾಹಿಗಳಲ್ಲಿ ಧರ್ಮಸಂಕಟ

ಪ್ರಶ್ನೆ: ಅಮೆರಿಕದ ‘ದಿ ವೆಸ್ಟ್ ವಿಂಗ್’ ಧಾರಾವಾಹಿಯ ಮೂರನೆಯ ಸೀಸನ್ನಿನ ಕೊನೆಯಲ್ಲಿ ಅಧ್ಯಕ್ಷ ಬಾರ್ಟ್ಲೆಟ್ ಬೇರೊಂದು ದೇಶದ ಮಂತ್ರಿಯನ್ನು ಗುಟ್ಟಾಗಿ ಕೊಲ್ಲಿಸುತ್ತಾನೆ. ಅದಕ್ಕೆ ಮುಂಚೆ ಅವನು ಪಡುವ ಸಂಕಟವನ್ನು ನೋಡಿ ನನಗೆ ಅವನ ಮೇಲಿನ ಗೌರವ ಹೆಚ್ಚಿತು. ಆಮೇಲೆ ಯೋಚಿಸಿದಾಗ ಕಸಿವಿಸಿಯಾಯಿತು. ನಾಯಕ ನೊಂದುಕೊಂಡ ಎಂಬ ಕಾರಣಕ್ಕೇ ನಾನು ಕೊಲೆಯನ್ನು ಒಪ್ಪಿಬಿಟ್ಟೆನೇ? ಇಂಥ ಧಾರಾವಾಹಿಗಳು ಧರ್ಮಸಂಕಟವನ್ನು ನಿಜವಾಗಿ ತೋರಿಸುತ್ತವೆಯೋ, ಅಧಿಕಾರಸ್ಥರ ತಪ್ಪನ್ನು ನಮ್ಮ ಕಣ್ಣಲ್ಲಿ ತೊಳೆದುಕೊಡುತ್ತವೆಯೋ?

ಉತ್ತರ: ನಿಮ್ಮ ಕಸಿವಿಸಿಗೆ ಆಧಾರವಿದೆ, ಅದನ್ನು ಬೇಗ ಸಮಾಧಾನಪಡಿಸಿಕೊಳ್ಳಬೇಡಿ ಎಂದೇ ಮೊದಲು ಹೇಳುತ್ತೇನೆ. ನಾಯಕ ಎಷ್ಟು ನೊಂದ ಎಂಬುದು ಅವನ ನಿರ್ಧಾರಕ್ಕೆ ಸಮರ್ಥನೆಯಾಗಲಾರದು. ಹಾಗೆಂದು ನೋವನ್ನು ತೋರಿಸಿದ್ದೇ ಮೋಸ ಎಂದೂ ಹೇಳಲಾಗದು. ನಿರ್ಧಾರವಾದ ಮೇಲೆ ಏನು ಬಾಕಿ ಉಳಿಯಿತು, ಆ ಬಾಕಿಯನ್ನು ಯಾರು ತೀರಿಸಬೇಕು, ಯಾರ ಮುಂದೆ ನಿಂತು ತೀರಿಸಬೇಕು ಎಂಬ ಪ್ರಶ್ನೆಯನ್ನು ಕಥೆ ಕೊನೆಯವರೆಗೂ ಬಿಡದೆ ಹಿಡಿದುಕೊಂಡಿದೆಯೇ ಎಂದು ನೋಡಿದಾಗ ಮಾತ್ರ ಧಾರಾವಾಹಿಯ ಪ್ರಾಮಾಣಿಕತೆ ತಿಳಿಯುತ್ತದೆ. ಈ ಒರೆಗೆ ಹಚ್ಚಿದರೆ ‘ದಿ ವೆಸ್ಟ್ ವಿಂಗ್’ ಅರ್ಧ ಗೆಲ್ಲುತ್ತದೆ, ಅರ್ಧ ಸೋಲುತ್ತದೆ ಎಂಬುದು ನನ್ನ ಅಭಿಪ್ರಾಯ.

ನೀವು ಕೇಳಿದ ಪ್ರಸಂಗವನ್ನೇ ಹತ್ತಿರದಿಂದ ನೋಡೋಣ. ಖುಮಾರ್ ಎಂಬ ಕಾಲ್ಪನಿಕ ದೇಶದ ರಕ್ಷಣಾ ಮಂತ್ರಿ ಅಬ್ದುಲ್ ಶರೀಫ್ ಅಮೆರಿಕದ ಗೋಲ್ಡನ್ ಗೇಟ್ ಸೇತುವೆಯನ್ನು ಉಡಾಯಿಸುವ ಸಂಚಿನ ಹಿಂದೆ ಇದ್ದಾನೆಂದು ಗುಪ್ತಚರರು ತಿಳಿಸುತ್ತಾರೆ. ಅವನ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಏಕೆಂದರೆ ಅವನಿಗೆ ರಾಜತಾಂತ್ರಿಕ ರಕ್ಷಣೆ ಇದೆ. ಅಲ್ಲದೆ ಸಾಕ್ಷ್ಯದ ಮುಖ್ಯ ಭಾಗ ಒಬ್ಬ ಕೈದಿಗೆ ಚಿತ್ರಹಿಂಸೆ ಕೊಟ್ಟು ಬಾಯಿಬಿಡಿಸಿದ್ದಾದ್ದರಿಂದ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಬಿಟ್ಟರೆ ಮತ್ತೆ ಸಂಚು ಹೂಡುತ್ತಾನೆ. ಹಾಗಾಗಿ ಅವನ ವಿಮಾನವನ್ನು ಬರ್ಮುಡಾದ ಒಂದು ಓಡುಹಾದಿಗೆ ತಿರುಗಿಸಿ ಅಲ್ಲೇ ಕೊಲ್ಲುವ ಯೋಜನೆ ಸಿದ್ಧವಾಗುತ್ತದೆ. 2002ರ ಮೇ ತಿಂಗಳಲ್ಲಿ ಪ್ರಸಾರವಾದ ಆ ಕಂತಿನಲ್ಲಿ ಅಧ್ಯಕ್ಷ ನ್ಯೂಯಾರ್ಕಿನ ರಂಗಮಂದಿರವೊಂದರಲ್ಲಿ ಇಂಗ್ಲೆಂಡಿನ ರಾಜವಂಶಗಳ ಕಲಹದ ನಾಟಕ ನೋಡುತ್ತಿರುತ್ತಾನೆ. ಬಿಡುವಿನಲ್ಲಿ, ರಂಗದ ಹಿಂದಿನ ಕೋಣೆಯಲ್ಲಿ, ತನ್ನ ಸಿಬ್ಬಂದಿ ಮುಖ್ಯಸ್ಥನೂ ಹಳೆಯ ಗೆಳೆಯನೂ ಆದ ಲಿಯೋನ ಎದುರು ಇದು ತಪ್ಪು, ಸಂಪೂರ್ಣ ತಪ್ಪು ಎನ್ನುತ್ತಾನೆ. ಲಿಯೋ ಆ ಮಾತನ್ನು ಅಲ್ಲಗಳೆಯುವುದಿಲ್ಲ. ತಪ್ಪೇ ಹೌದು, ಆದರೂ ಮಾಡಲೇಬೇಕು ಎನ್ನುತ್ತಾನೆ. ಯಾಕೆ ಎಂದು ಕೇಳಿದರೆ, ಚುನಾವಣೆ ಗೆದ್ದವನು ನೀನಲ್ಲವೇ ಎಂಬುದಷ್ಟೇ ಅವನ ಉತ್ತರ.

ಈ ಸಂಭಾಷಣೆ ಇಡೀ ಧಾರಾವಾಹಿಯಲ್ಲೇ ಅತ್ಯಂತ ಪ್ರಾಮಾಣಿಕವಾದ ಕ್ಷಣಗಳಲ್ಲಿ ಒಂದು ಎಂದು ನಾನು ಭಾವಿಸುತ್ತೇನೆ. ಇಬ್ಬರಲ್ಲಿ ಯಾರೂ ಕೊಲೆಗೆ ಬೇರೆ ಹೆಸರು ಇಡುವುದಿಲ್ಲ. ತಪ್ಪನ್ನು ತಪ್ಪೆಂದೇ ಕರೆದು ಹೆಗಲಿಗೆ ಹಾಕಿಕೊಳ್ಳುತ್ತಾರೆ. ರಾಜಕೀಯ ಚಿಂತಕ ಮೈಕೆಲ್ ವಾಲ್ಜರ್ ಅವರು 1973ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಚರ್ಚಿಸಿದ್ದು ಇದನ್ನೇ. ಆಳುವವನು ಕೆಲವೊಮ್ಮೆ ಜನರ ಹಿತಕ್ಕಾಗಿ ಕೈಗೆ ಕೊಳೆ ಮಾಡಿಕೊಳ್ಳಬೇಕಾಗುತ್ತದೆ. ಮಾಡಿದ್ದು ಆ ಸಂದರ್ಭದಲ್ಲಿ ಸರಿಯಾದ ಕೆಲಸವೇ ಆಗಿದ್ದರೂ ಅದರಲ್ಲಿರುವ ತಪ್ಪು ಮಾತ್ರ ಕರಗಿಹೋಗುವುದಿಲ್ಲ. ಒಳ್ಳೆಯವನಾದರೆ ಅವನು ತಾನು ಅಪರಾಧಿಯೆಂದು ತಿಳಿದಿರುತ್ತಾನೆ, ನಿರಪರಾಧಿಯೆಂದು ನಟಿಸುವುದಿಲ್ಲ. ಆದರೆ ವಾಲ್ಜರ್ ಅಲ್ಲಿಗೇ ನಿಲ್ಲಿಸಲಿಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ. ಅಪರಾಧಿಯೆಂದು ಒಪ್ಪಿಕೊಂಡವನು ಅದಕ್ಕೆ ತಕ್ಕ ಬೆಲೆಯನ್ನು ತೆರಬೇಕು, ಆದರೆ ರಾಜಕಾರಣಿಯಿಂದ ಆ ಬೆಲೆಯನ್ನು ವಸೂಲು ಮಾಡುವ ಪೀಠ ನಮ್ಮಲ್ಲಿಲ್ಲ ಎಂಬ ಚಿಂತೆಯಲ್ಲಿ ಅವರ ವಾದ ಮುಗಿಯುತ್ತದೆ.

ಕನ್ನಡದ ಓದುಗರಿಗೆ ಈ ವಿಚಾರ ಹೊಸತಾಗಿ ತೋರಲಾರದು. ದ್ರೋಣನನ್ನು ಕೆಡವಲು ಧರ್ಮರಾಯ ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ ಹೇಳಿ, ಸತ್ತದ್ದು ಆನೆ ಎಂಬುದನ್ನು ಕೇಳಿಸದಂತೆ ನುಂಗಿಕೊಂಡ ಕ್ಷಣದಲ್ಲಿ ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆಯೇ ಇರುತ್ತಿದ್ದ ಅವನ ರಥ ನೆಲಕ್ಕಿಳಿಯಿತು ಎನ್ನುತ್ತದೆ ಮಹಾಭಾರತ. ಆ ಸುಳ್ಳಿನಿಂದ ಯುದ್ಧದ ದಿಕ್ಕು ಬದಲಾಯಿತು, ಹೇಳಿಸಿದವನು ಸಾಕ್ಷಾತ್ ಕೃಷ್ಣ. ಆದರೂ ಲೆಕ್ಕ ಅಳಿಸಲಿಲ್ಲ. ಸ್ವರ್ಗಾರೋಹಣ ಪರ್ವದಲ್ಲಿ ಧರ್ಮರಾಯನಿಗೆ ನರಕದರ್ಶನವಾಗುತ್ತದೆ, ಅದಕ್ಕೆ ಇಂದ್ರ ಕೊಡುವ ಕಾರಣ ದ್ರೋಣನಿಗೆ ಆದ ಆ ವಂಚನೆಯೇ. ಸುಳ್ಳು ಹೇಳಬೇಕಾಗಿತ್ತೇ ಎಂಬ ಪ್ರಶ್ನೆಗೆ ಕಾವ್ಯ ನೇರ ಉತ್ತರ ಕೊಡುವುದಿಲ್ಲ. ಹೇಳಿದ ಮೇಲೆ ಬಾಕಿ ಉಳಿಯಿತು ಎಂಬುದನ್ನು ಮಾತ್ರ ಅದು ಎಲ್ಲಿಯೂ ಕೈಬಿಡುವುದಿಲ್ಲ.

ಇನ್ನು ‘ದಿ ವೆಸ್ಟ್ ವಿಂಗ್’ ಆ ಬಾಕಿಯನ್ನು ಹೇಗೆ ತೀರಿಸುತ್ತದೆ ಎಂದು ನೋಡಿ. ಇಂಥ ಹತ್ಯೆ ಮಾಡಿಸಬಾರದೆಂದು ಅಧ್ಯಕ್ಷನ ಮುಂದಿದ್ದ ನಿಷೇಧ ಕಥೆಗಾಗಿ ಹೆಣೆದದ್ದಲ್ಲ, ನಿಜವಾದದ್ದು. 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಅವರ ಸಮಿತಿಯು ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ, ಕಾಂಗೋದ ಪ್ಯಾಟ್ರಿಸ್ ಲುಮುಂಬಾ ಮುಂತಾದ ವಿದೇಶಿ ನಾಯಕರನ್ನು ಕೊಲ್ಲಲು ಅಮೆರಿಕ ಹೂಡಿದ್ದ ಸಂಚುಗಳನ್ನು ಬಯಲಿಗೆಳೆಯಿತು. ಮರುವರ್ಷವೇ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ತಮ್ಮ 11905ನೆಯ ಕಾರ್ಯಾದೇಶದ ಮೂಲಕ ರಾಜಕೀಯ ಹತ್ಯೆಯನ್ನು ನಿಷೇಧಿಸಿದರು. 1981ರಲ್ಲಿ ರೊನಾಲ್ಡ್ ರೇಗನ್ ಹೊರಡಿಸಿದ 12333ನೆಯ ಆದೇಶವೂ ಆ ನಿಷೇಧವನ್ನು ಉಳಿಸಿಕೊಂಡಿತು. ಇದು ಸಂಸತ್ತು ಮಾಡಿದ ಕಾನೂನಲ್ಲ, ಅಧ್ಯಕ್ಷಪದವಿ ತನಗೆ ತಾನೇ ಹಾಕಿಕೊಂಡ ಬೇಲಿ. ಹಾಕಿಕೊಂಡವರೇ ಅದನ್ನು ದಾಟಲೂಬಹುದು ಎಂಬುದರಲ್ಲೇ ಅದರ ನೈತಿಕ ತೂಕವಿದೆ. ಧಾರಾವಾಹಿಯಲ್ಲಿ ಸೇನಾ ಮುಖ್ಯಸ್ಥ ಫಿಟ್ಜ್‌ವ್ಯಾಲೇಸ್ 1943ರ ಏಪ್ರಿಲ್‌ನಲ್ಲಿ ಜಪಾನಿನ ಅಡ್ಮಿರಲ್ ಯಾಮಾಮೊಟೊ ಅವರ ವಿಮಾನವನ್ನು ಹೊಡೆದುರುಳಿಸಿದ್ದನ್ನು ನೆನಪಿಸಿ, ಯುದ್ಧಕಾಲ ಯಾವುದು ಶಾಂತಿಕಾಲ ಯಾವುದು ಎಂಬ ಗುರುತೇ ತನಗೆ ಈಗ ಸಿಗುತ್ತಿಲ್ಲ ಎನ್ನುತ್ತಾನೆ. ಯಾಮಾಮೊಟೊ ಘೋಷಿತ ಯುದ್ಧದಲ್ಲಿದ್ದ ಶತ್ರುಸೇನೆಯ ದಂಡನಾಯಕ. ಶರೀಫ್ ಹೊರಗಿನ ಲೋಕದ ಪಾಲಿಗೆ ಸ್ನೇಹದೇಶದ ಮಂತ್ರಿ. ಈ ಅಂತರವನ್ನು ಎತ್ತಿ ಆಡುವವರು ಆ ಕೋಣೆಯಲ್ಲಿ ಕಡಿಮೆ. 2001ರ ಸೆಪ್ಟೆಂಬರ್ ದಾಳಿ ನಡೆದು ಒಂದು ವರ್ಷವೂ ಆಗಿರದ ಹೊತ್ತಿನಲ್ಲಿ ನೋಡುಗರಿಗೂ ಆ ಅಂತರ ಮುಖ್ಯವೆನಿಸಿರಲಾರದು. 2020ರ ಜನವರಿಯಲ್ಲಿ ಇರಾನಿನ ಸೇನಾನಿ ಖಾಸೆಂ ಸುಲೇಮಾನಿಯವರನ್ನು ಬಾಗ್ದಾದಿನಲ್ಲಿ ಡ್ರೋನ್ ದಾಳಿಯಿಂದ ಕೊಂದಾಗ ಇದೇ ಪ್ರಶ್ನೆ ಕಥೆಯ ಹೊರಗೆ ಎದ್ದು ನಿಂತಿತು.

ಕೊಲೆಯ ನಂತರ ಖುಮಾರ್ ಇಸ್ರೇಲಿನತ್ತ ಬೆರಳು ತೋರಿಸುತ್ತದೆ; ಮುಂದಿನ ಸೀಸನ್ನಿನ ಕೊನೆಗೆ, ಅಂದರೆ 2003ರ ಮೇ ತಿಂಗಳ ಕಂತುಗಳಲ್ಲಿ, ಅಧ್ಯಕ್ಷನ ಕಿರಿಯ ಮಗಳು ಝೋಯಿಯ ಅಪಹರಣವಾಗುತ್ತದೆ. ಮಗಳ ಪ್ರಾಣ ಒಂದು ಕಡೆ, ದೇಶದ ಹೊಣೆ ಇನ್ನೊಂದು ಕಡೆ ಎಂಬ ಸ್ಥಿತಿಯಲ್ಲಿ ತಾನು ಸ್ವಸ್ಥವಾಗಿ ನಿರ್ಧರಿಸಲಾರೆ ಎಂದು ಬಾರ್ಟ್ಲೆಟ್ ಸಂವಿಧಾನದ 25ನೆಯ ತಿದ್ದುಪಡಿಯಂತೆ ಅಧಿಕಾರವನ್ನು ತಾತ್ಕಾಲಿಕವಾಗಿ ಬಿಟ್ಟುಕೊಡುತ್ತಾನೆ. ಉಪಾಧ್ಯಕ್ಷ ಆಗಲೇ ರಾಜೀನಾಮೆ ಕೊಟ್ಟಿರುವುದರಿಂದ ಅಧಿಕಾರ ವಿರೋಧ ಪಕ್ಷದ ಸ್ಪೀಕರ್ ಕೈಗೆ ಹೋಗುತ್ತದೆ. ಅಧಿಕಾರವನ್ನು ಕೆಳಗಿಡುವುದೂ ಒಂದು ಕರ್ತವ್ಯವಾಗಬಲ್ಲದು ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ರಾಜಕೀಯ ಧಾರಾವಾಹಿಗಳು ವಿರಳ, ಆ ದೃಶ್ಯದ ಮೇಲೆ ನನಗೆ ಅಪಾರ ಗೌರವವಿದೆ. ನನ್ನ ಆಕ್ಷೇಪವೂ ಇಲ್ಲಿಂದಲೇ ಶುರುವಾಗುತ್ತದೆ. ರಾಜ್ಯಾಧಿಕಾರದಿಂದ ಮಾಡಿದ ತಪ್ಪಿಗೆ ಶಿಕ್ಷೆ ತಂದೆಯ ಎದೆಗೆ ಬೀಳುವಂತೆ ಕಥೆ ನಡೆದಾಗ ನಮ್ಮ ಕರುಣೆಯೆಲ್ಲ ತಂದೆಯ ಕಡೆ ಹರಿಯುತ್ತದೆ. ಆದೇಶ ಕೊಟ್ಟವನು ಜನರಿಗೆ ಉತ್ತರ ಕೊಡಬೇಕಾಗಿತ್ತು ಎಂಬುದು ಆ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಇದೇ ಬಾರ್ಟ್ಲೆಟ್ ತನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಿದ್ದುದನ್ನು ಮತದಾರರಿಂದ ಮುಚ್ಚಿಟ್ಟದ್ದಕ್ಕೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಖಂಡನಾ ನಿರ್ಣಯವನ್ನು ತಲೆಬಾಗಿ ಒಪ್ಪಿಕೊಂಡಿದ್ದ. ಕಾಯಿಲೆ ಮುಚ್ಚಿಟ್ಟದ್ದಕ್ಕೆ ಅಷ್ಟು ನಡೆಯಿತು. ಮನುಷ್ಯನೊಬ್ಬನನ್ನು ಕೊಲ್ಲಿಸಿದ್ದಕ್ಕೆ ಅಂಥ ನಿರ್ಣಯ ಬರಲಿಲ್ಲ. ವಾಲ್ಜರ್ ಹೇಳಿದ ಆ ಪೀಠದ ಕೊರತೆಯನ್ನು ಧಾರಾವಾಹಿ ತೋರಿಸಬಹುದಾಗಿತ್ತು, ಅದರ ಬದಲು ವಿಧಿಯನ್ನು ಕರೆತಂದು ಕೂರಿಸಿತು.

ಇದೇ ಧಾರಾವಾಹಿಯ ಮೊದಲ ಸೀಸನ್ನಿನಲ್ಲಿ, 2000ದ ಫೆಬ್ರವರಿಯಲ್ಲಿ ಪ್ರಸಾರವಾದ ಮರಣದಂಡನೆಯ ಕಂತನ್ನು ನೀವು ನೋಡಿಲ್ಲದಿದ್ದರೆ ದಯವಿಟ್ಟು ನೋಡಿ. ಅದನ್ನು ನಾನು ಶರೀಫ್ ಪ್ರಸಂಗಕ್ಕಿಂತ ಮೇಲಿಡುತ್ತೇನೆ. ಮಾದಕವಸ್ತುಗಳ ದಂಧೆಯ ಇಬ್ಬರನ್ನು ಕೊಂದ ಸೈಮನ್ ಕ್ರೂಜ್ ಎಂಬವನ ಕೊನೆಯ ಅರ್ಜಿಯನ್ನು ಸುಪ್ರೀಂ ಕೋರ್ಟ್ ಶುಕ್ರವಾರ ತಳ್ಳಿಹಾಕುತ್ತದೆ. ಸಬ್ಬತ್ ದಿನಗಳಲ್ಲಿ, ಅಂದರೆ ಯಹೂದಿಗಳ ಮತ್ತು ಕ್ರೈಸ್ತರ ವಾರದ ವಿಶ್ರಾಂತಿಯ ದಿನಗಳಲ್ಲಿ, ಮರಣದಂಡನೆ ಜಾರಿ ಮಾಡುವಂತಿಲ್ಲವಾದ್ದರಿಂದ ಭಾನುವಾರ ನಡುರಾತ್ರಿ ಕಳೆದ ಕೂಡಲೇ ಶಿಕ್ಷೆ. ಉಳಿದಿರುವುದು ಸುಮಾರು 48 ಗಂಟೆ, ತಡೆಯಬಲ್ಲವನು ಅಧ್ಯಕ್ಷನೊಬ್ಬನೇ. ನಮ್ಮ ರಾಷ್ಟ್ರಪತಿಗಳಿಗೂ 72ನೆಯ ವಿಧಿಯಡಿ ಕ್ಷಮಾದಾನದ ಅಧಿಕಾರವಿದೆ, ಆದರೆ ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ಅಮೆರಿಕದ ಅಧ್ಯಕ್ಷನಿಗೆ ಒಕ್ಕೂಟ ಸರ್ಕಾರದ ಕಾನೂನಿನಡಿಯ ಅಪರಾಧಗಳ ಮಟ್ಟಿಗೆ ಆ ಅಧಿಕಾರ ಪೂರ್ತಿ ಸ್ವಂತದ್ದು. ಸಲಹೆಯ ಮರೆಯಲ್ಲಿ ನಿಲ್ಲುವ ಅವಕಾಶ ಅವನಿಗಿಲ್ಲ, ಹಾಗಾಗಿ ಸಂಕಟ ನೇರವಾಗಿ ಅವನ ಮನಸ್ಸಾಕ್ಷಿಗೇ ಬಂದು ತಾಗುತ್ತದೆ.

ಬಾರ್ಟ್ಲೆಟ್ ಶ್ರದ್ಧಾವಂತ ಕ್ಯಾಥೊಲಿಕ್, ಮರಣದಂಡನೆ ಪಾಪವೆಂದು ನಂಬಿದವನು. ಆದರೆ ನೂರಕ್ಕೆ 71 ಮಂದಿ ಅದನ್ನು ಬೆಂಬಲಿಸುತ್ತಾರೆ, ನ್ಯಾಯಾಲಯಗಳು ತೀರ್ಪು ಕೊಟ್ಟಾಗಿದೆ, ನನ್ನ ನಂಬಿಕೆಯನ್ನು ದೇಶದ ಮೇಲೆ ಹೇಗೆ ಹೇರಲಿ ಎಂದು ತನ್ನ ಊರಿನ ಹಳೆಯ ಪಾದ್ರಿಯ ಮುಂದೆ ವಾದಿಸುತ್ತಾನೆ. ಬುದ್ಧಿ ಕೊಡೆಂದು ಪ್ರಾರ್ಥಿಸಿದೆ, ಬರಲಿಲ್ಲ ಎಂದು ಸಿಟ್ಟಾಗುತ್ತಾನೆ. ಆಗ ಪಾದ್ರಿ, ನೆರೆಯಲ್ಲಿ ಸಿಕ್ಕಿಕೊಂಡು ದೇವರೇ ಬಂದು ಕಾಪಾಡುತ್ತಾನೆಂದು ಕಾದು, ಬಂದ ದೋಣಿಯನ್ನೂ ಹೆಲಿಕಾಪ್ಟರನ್ನೂ ಹಿಂದಕ್ಕೆ ಕಳಿಸಿ ಮುಳುಗಿಹೋದ ಮನುಷ್ಯನ ಕಥೆ ಹೇಳಿ, ದೇವರು ನಿನ್ನ ಬಳಿಗೆ ಒಬ್ಬ ಪಾದ್ರಿಯನ್ನು, ಒಬ್ಬ ರಬ್ಬಿಯನ್ನು (ಯಹೂದಿ ಧರ್ಮಗುರು), ಒಬ್ಬ ಕ್ವೇಕರಳನ್ನು (ಹಿಂಸೆಯನ್ನು ಒಪ್ಪದ ಕ್ರೈಸ್ತ ಪಂಥದವಳು) ಕಳಿಸಿದ್ದ, ಇನ್ನೇನು ಬೇಕಿತ್ತು ಎಂದು ಕೇಳುತ್ತಾನೆ. ಅಷ್ಟರಲ್ಲಿ ಶಿಕ್ಷೆ ಜಾರಿಯಾದ ಚೀಟಿ ಬರುತ್ತದೆ. ಜಗತ್ತಿನ ಅತ್ಯಂತ ಬಲಿಷ್ಠ ಕಚೇರಿಯ ನೆಲದ ಮೇಲೆ ಅಧ್ಯಕ್ಷ ಮೊಣಕಾಲೂರಿ ಪಾಪನಿವೇದನೆಗೆ ತೊಡಗುತ್ತಾನೆ. ನೋಡುಗರ ಕೈಗೆ ಇಲ್ಲಿ ಯಾವ ಸಮಾಧಾನವೂ ಸಿಗುವುದಿಲ್ಲ: ತಡೆಯಲು ಅಧಿಕಾರವಿತ್ತು, ನಂಬಿಕೆಯಿತ್ತು, ಸಮಯವಿತ್ತು, ಸಲಹೆಯಿತ್ತು, ತಡೆಯಲಿಲ್ಲ. ಅವನ ಪ್ರಜಾಪ್ರಭುತ್ವದ ವಾದ ನಿಜವಾದ ವಾದವೋ, ಧೈರ್ಯ ಸಾಲದ್ದಕ್ಕೆ ಹುಡುಕಿಕೊಂಡ ನೆಪವೋ ಎಂಬುದನ್ನು ಕಂತು ನಿರ್ಧರಿಸದೆ ಬಿಡುತ್ತದೆ. ನನಗೆ ಎರಡನೆಯದೇ ಹೆಚ್ಚು ನಿಜವೆನಿಸುತ್ತದೆ. 1992ರ ಜನವರಿಯಲ್ಲಿ, ಅಧ್ಯಕ್ಷಗಿರಿಯ ಚುನಾವಣಾ ಪ್ರಚಾರದ ನಡುವೆ, ಅರ್ಕನ್ಸಾಸಿನ ರಾಜ್ಯಪಾಲರಾಗಿದ್ದ ಬಿಲ್ ಕ್ಲಿಂಟನ್ ತಮ್ಮ ರಾಜ್ಯಕ್ಕೆ ಹಿಂದಿರುಗಿ, ಮಿದುಳಿಗೆ ತೀವ್ರ ಹಾನಿಯಾಗಿದ್ದ ರಿಕಿ ರೇ ರೆಕ್ಟರ್ ಎಂಬ ಕೈದಿಯ ಮರಣದಂಡನೆಯನ್ನು ತಡೆಯದೆ ನಡೆಯಗೊಟ್ಟದ್ದನ್ನು ಬಲ್ಲವರಿಗೆ ಈ ಕಂತಿನ ಹಿಂದಿನ ಕಸಿವಿಸಿ ಇನ್ನಷ್ಟು ಸ್ಪಷ್ಟವಾಗುತ್ತದೆ.

ಡೆನ್ಮಾರ್ಕಿನ ಸಾರ್ವಜನಿಕ ವಾಹಿನಿ ಡಿಆರ್ 2010ರಲ್ಲಿ ಪ್ರಸಾರ ಆರಂಭಿಸಿದ ‘ಬೋರ್ಗನ್’ ಇನ್ನೊಂದು ಬಗೆಯ ಸಂಕಟವನ್ನು ಎತ್ತಿಕೊಳ್ಳುತ್ತದೆ. ಮೊದಲ ಕಂತಿನಲ್ಲೇ ಚುನಾವಣೆಯ ಹೊಸ್ತಿಲಲ್ಲಿರುವ ಸಣ್ಣ ಪಕ್ಷವೊಂದರ ನಾಯಕಿ ಬಿರ್ಗಿಟ್ಟೆ ನ್ಯೂಬೋರ್ಗ್‌ಗೆ ಅವಳ ಮಾಧ್ಯಮ ಸಲಹೆಗಾರ ಒಂದು ರಸೀದಿ ತಂದುಕೊಡುತ್ತಾನೆ: ಪ್ರಧಾನಿ ತನ್ನ ಹೆಂಡತಿಯ ಖರೀದಿಗೆ ಸರ್ಕಾರಿ ಕಾರ್ಡಿನಿಂದ ಹಣ ತೆತ್ತಿದ್ದಾನೆ. ಅವಳು ಅದನ್ನು ಮುಟ್ಟಲು ಒಪ್ಪುವುದಿಲ್ಲ. ಸಲಹೆಗಾರ ಅದನ್ನು ಇನ್ನೊಂದು ಪಕ್ಷದ ನಾಯಕನಿಗೆ ದಾಟಿಸುತ್ತಾನೆ, ಆತ ನೇರಪ್ರಸಾರದ ಚರ್ಚೆಯಲ್ಲಿ ಅದನ್ನು ಎಲ್ಲರೆದುರು ತೆಗೆಯುತ್ತಾನೆ. ಪ್ರಧಾನಿಯೂ ಆರೋಪ ಮಾಡಿದವನೂ ಇಬ್ಬರೂ ಜನರ ಕಣ್ಣಲ್ಲಿ ಕೆಳಗಿಳಿಯುತ್ತಾರೆ, ಮುಟ್ಟದೆ ಉಳಿದ ನ್ಯೂಬೋರ್ಗ್ ಪ್ರಧಾನಿಯಾಗುತ್ತಾಳೆ. ಸಲಹೆಗಾರನನ್ನು ಅವಳು ಕೆಲಸದಿಂದ ತೆಗೆದದ್ದು ನಿಜ, ಆದರೆ ಅವನ ಕೆಲಸದ ಫಲವನ್ನು ಉಂಡವಳೂ ಅವಳೇ. ಸ್ವಲ್ಪ ಕಾಲದ ಮೇಲೆ ಅವನನ್ನು ಮರಳಿ ಕರೆದುಕೊಳ್ಳುತ್ತಾಳೆ ಕೂಡ. ಸ್ವಚ್ಛವಾದ ಕೈಗೆ ಇನ್ನೊಬ್ಬರ ಕೊಳೆಕೈ ನೆರವಾದಾಗ ಆ ಸ್ವಚ್ಛತೆಗೆ ಎಷ್ಟು ಬೆಲೆ ಎಂಬ ಈ ಪ್ರಶ್ನೆ, ಬಾಂಬು ಗುಂಡುಗಳ ಪ್ರಸಂಗಗಳಿಗಿಂತ ನಮ್ಮ ದಿನನಿತ್ಯದ ರಾಜಕಾರಣಕ್ಕೆ ಹೆಚ್ಚು ಹತ್ತಿರ. ಪಂಚಾಯಿತಿ ಚುನಾವಣೆಯಿಂದ ಸಹಕಾರ ಸಂಘದವರೆಗೆ ತಾವು ಮಾತ್ರ ದುಡ್ಡು ಹಂಚದೆ ಗೆದ್ದೆವೆನ್ನುವವರ ಹಿಂದೆ ಯಾರು ಏನು ಮಾಡಿದರು ಎಂದು ಕೇಳುವ ಅಭ್ಯಾಸ ನಮಗಿನ್ನೂ ಬೆಳೆಯಬೇಕಿದೆ.

ಬ್ರಿಟನ್ನಿನ ‘ಯೆಸ್ ಮಿನಿಸ್ಟರ್’ ಹಾಸ್ಯದ ಧಾರಾವಾಹಿಯಾದರೂ 1982ರ ಡಿಸೆಂಬರಿನ ಅದರ ಒಂದು ಕಂತು ಇಲ್ಲಿ ಗಂಭೀರವಾಗಿ ಪ್ರಸ್ತುತ. ಬ್ರಿಟಿಷ್ ಶಸ್ತ್ರಾಸ್ತ್ರಗಳು ಇಟಲಿಯ ಭಯೋತ್ಪಾದಕರ ಕೈ ಸೇರುತ್ತಿವೆ ಎಂದು ನಿವೃತ್ತ ಸೇನಾಧಿಕಾರಿಯೊಬ್ಬ ಮಂತ್ರಿ ಹ್ಯಾಕರ್‌ಗೆ ತಿಳಿಸುತ್ತಾನೆ. ಹ್ಯಾಕರ್ ನಿಜವಾಗಿ ಕಳವಳಗೊಳ್ಳುತ್ತಾನೆ. ಅವನ ಇಲಾಖೆಯ ಕಾರ್ಯದರ್ಶಿ ಸರ್ ಹಂಫ್ರಿಯ ಪ್ರಕಾರ ಸರ್ಕಾರದ ಕೆಲಸ ಒಳಿತು ಕೆಡುಕುಗಳನ್ನು ತೂಗುವುದಲ್ಲ, ಅರಾಜಕತೆಯಾಗದಂತೆ ನೋಡಿಕೊಳ್ಳುವುದು ಮಾತ್ರ. ಕೊನೆಗೆ ಹ್ಯಾಕರ್‌ಗೆ ದಾರಿಯೊಂದು ಸಿಗುತ್ತದೆ: ವಿಷಯ ತಿಳಿಸಿದಂತೆಯೂ ಇರಬೇಕು, ಓದಿದವರಿಗೆ ಅರ್ಥವೂ ಆಗಬಾರದು, ಹಾಗೆ ಪ್ರಧಾನಿಗೆ ಒಂದು ಪತ್ರ ಬರೆಯುವುದು. ನಾಳೆ ಯಾರಾದರೂ ಕೇಳಿದರೆ ಕಡತದಲ್ಲಿ ಕಾಗದವಿದೆ. ಸರ್ಕಾರಿ ಕಚೇರಿಯ ಟಿಪ್ಪಣಿಗಳನ್ನು ಓದಿದ ಯಾರಿಗೂ ಈ ತಂತ್ರ ಅಪರಿಚಿತವಲ್ಲ. ಇಲ್ಲಿ ಧರ್ಮಸಂಕಟ ಬಗೆಹರಿಯುವುದಿಲ್ಲ, ಆವಿಯಾಗುತ್ತದೆ. ಹ್ಯಾಕರ್ ಆ ರಾತ್ರಿ ಕುಡಿದು ಕುಳಿತಾಗ ತಾನು ಮಾಡಿದ್ದೇನೆಂದು ಅವನಿಗೆ ಗೊತ್ತಿದೆ, ಅಷ್ಟೇ.

ಇವುಗಳಿಗೆ ಎದುರಾಗಿ, 2001ರ ನವೆಂಬರಿನಲ್ಲಿ ಆರಂಭವಾದ, ಭಯೋತ್ಪಾದಕರನ್ನು ತಡೆಯುವ ಅಧಿಕಾರಿಯ ಕಥೆಯಾದ ಅಮೆರಿಕದ ‘24’ ಧಾರಾವಾಹಿಯನ್ನು ಇಟ್ಟು ನೋಡಬಹುದು. ಬಾಂಬು ಸಿಡಿಯಲಿದೆ, ಹಿಡಿದವನು ಅಪರಾಧಿಯೇ ಎಂಬುದು ಖಚಿತ, ಹಿಂಸಿಸಿದರೆ ನಿಜ ಹೇಳುತ್ತಾನೆ ಎಂಬುದೂ ಖಚಿತ: ಈ ಮೂರು ಖಚಿತತೆಗಳನ್ನೂ ಒದಗಿಸುವವನು ಚಿತ್ರಕಥೆಗಾರ. ನಿಜಜೀವನದಲ್ಲಿ ಅಧಿಕಾರಿಗೆ ಇವುಗಳಲ್ಲಿ ಒಂದೂ ಖಚಿತವಾಗಿ ಸಿಗುವುದಿಲ್ಲ. ಚಿತ್ರಹಿಂಸೆ ಪ್ರತಿ ಬಾರಿಯೂ ಫಲ ಕೊಡುವಂತೆ ತೋರಿಸುವುದರಿಂದ ತಮ್ಮ ವಿದ್ಯಾರ್ಥಿಗಳ ತಿಳಿವಳಿಕೆ ಕೆಡುತ್ತಿದೆ ಎಂದು ಹೇಳಲು ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಬ್ರಿಗೇಡಿಯರ್ ಜನರಲ್ ಪ್ಯಾಟ್ರಿಕ್ ಫಿನೆಗನ್ ಅವರು 2006ರಲ್ಲಿ ಆ ಧಾರಾವಾಹಿಯ ತಯಾರಕರನ್ನು ಖುದ್ದಾಗಿ ಭೇಟಿಯಾಗಬೇಕಾಯಿತು. ಶರೀಫ್ ಪ್ರಸಂಗದಲ್ಲಿಯೂ ಇದರ ಛಾಯೆ ಇದೆ. ಅವನ ಅಪರಾಧದ ಬಗ್ಗೆ ನೋಡುಗರಿಗೆ ಸಂಶಯವೇ ಉಳಿಯದಂತೆ ಕಥೆ ನೋಡಿಕೊಳ್ಳುತ್ತದೆ. ಚಿತ್ರಹಿಂಸೆಯಿಂದ ಬಂದ ಮಾತು ಸುಳ್ಳಿರಬಹುದಲ್ಲವೇ ಎಂಬ ಕಠಿಣವಾದ ಪ್ರಶ್ನೆ ಬರೀ ಕಾನೂನಿನ ತೊಡಕಾಗಿ ಕುಗ್ಗಿಹೋಗುತ್ತದೆ. ನೀವು ಕೊಲೆಯನ್ನು ಒಪ್ಪಿಬಿಟ್ಟಿರೆಂದು ನಿಮಗೆ ಅನಿಸಿದ್ದಕ್ಕೆ ಬಾರ್ಟ್ಲೆಟ್‌ನ ನೋವಿಗಿಂತ ಈ ಖಚಿತತೆಯೇ ದೊಡ್ಡ ಕಾರಣವೆಂದು ನನಗೆ ತೋರುತ್ತದೆ. ಶರೀಫ್ ನಿರಪರಾಧಿಯಾಗಿರಲು ಹತ್ತರಲ್ಲಿ ಒಂದು ಪಾಲು ಸಾಧ್ಯತೆಯಿದ್ದಿದ್ದರೆ ನನ್ನ ಒಪ್ಪಿಗೆ ಉಳಿಯುತ್ತಿತ್ತೇ ಎಂದು ನಿಮ್ಮನ್ನೇ ಕೇಳಿಕೊಂಡು ನೋಡಿ.

ಇನ್ನು ನಿಮ್ಮ ಗೌರವ ತಪ್ಪೇ ಎಂಬ ಮಾತು. ತಪ್ಪಲ್ಲ. ತಾನು ಮಾಡುತ್ತಿರುವುದು ತಪ್ಪೆಂದು ಬಲ್ಲ ಆಳುವವನು, ಅದನ್ನು ಅರಿಯದೆ ಮಾಡುವವನಿಗಿಂತ ಕಡಿಮೆ ಅಪಾಯಕಾರಿ. ಮುಂದಿನ ಸಲ ಅವನ ಕೈ ಸುಲಭವಾಗಿ ಏಳುವುದಿಲ್ಲ. ಆದರೆ ಅವನ ಮೇಲಿನ ಗೌರವ ಬೇರೆ, ಅವನ ಆದೇಶಕ್ಕೆ ಕೊಡುವ ಒಪ್ಪಿಗೆ ಬೇರೆ. ಮೊದಲನೆಯದನ್ನು ಇಟ್ಟುಕೊಂಡೇ ಎರಡನೆಯದನ್ನು ನೀವು ಹಿಂತೆಗೆದುಕೊಳ್ಳಬಹುದು.

ಮತ್ತೊಮ್ಮೆ ನೋಡುವುದಾದರೆ ಈ ಎರಡು ಕಂತುಗಳನ್ನು ಒಂದರ ಬೆನ್ನಿಗೆ ಒಂದು ನೋಡಿ, ಅಧ್ಯಕ್ಷನ ಬಳಿಗೆ ಯಾರು ಬರಲು ಸಾಧ್ಯವಾಯಿತು ಎಂಬುದನ್ನು ಗಮನಿಸಿ. ಮರಣದಂಡನೆಯ ಕಂತಿನಲ್ಲಿ ಬಾಗಿಲು ತೆರೆದಿದೆ: ಕೈದಿಯ ವಕೀಲ ತನ್ನ ಹಳೆಯ ಪರಿಚಯದ, ಅಧ್ಯಕ್ಷನ ಸಿಬ್ಬಂದಿಯಲ್ಲಿರುವ ಸ್ಯಾಮ್‌ನನ್ನು ಹಿಡಿಯುತ್ತಾನೆ, ಅಲ್ಲಿಂದ ಸುಳಿವು ಪಡೆದು ಅದೇ ಸಿಬ್ಬಂದಿಯ ಟೋಬಿ ಹೋಗುವ ಯಹೂದಿ ಪ್ರಾರ್ಥನಾಮಂದಿರದ ರಬ್ಬಿಯನ್ನು ತಲಪುತ್ತಾನೆ, ರಬ್ಬಿಯ ಪ್ರವಚನ ಟೋಬಿಯ ಮೂಲಕ ಅಧ್ಯಕ್ಷನವರೆಗೆ ಹೋಗುತ್ತದೆ, ಬೇರೆ ಕೆಲಸಕ್ಕೆ ಬಂದ, ಚುನಾವಣಾ ಪ್ರಚಾರ ನಡೆಸುವ ಜೋಯಿ ಲ್ಯೂಕಸ್‌ಳನ್ನು ಅಧ್ಯಕ್ಷನೇ ಅಭಿಪ್ರಾಯ ಕೇಳುತ್ತಾನೆ, ಅವಳೇ ಪಾದ್ರಿ ಹೇಳುವ ಕ್ವೇಕರಳು. ಶರೀಫ್ ಪ್ರಸಂಗದಲ್ಲಿ ಟೋಬಿಗಾಗಲಿ ಅಧ್ಯಕ್ಷನ ಪತ್ರಿಕಾ ಕಾರ್ಯದರ್ಶಿ ಸಿಜೆಗಾಗಲಿ ವಿಷಯವೇ ಗೊತ್ತಿಲ್ಲ. ಸಂಸತ್ತಿನ ಎಂಟು ನಾಯಕರಿಗೆ ಕಾನೂನಿನಂತೆ ಮಾಹಿತಿ ಕೊಡಲಾಗುತ್ತದೆ, ಅವರ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಬೇಡವೆಂದು ಹೇಳಬಲ್ಲವರನ್ನೆಲ್ಲ ಗೋಪ್ಯತೆಯ ಹೆಸರಿನಲ್ಲಿ ಹೊರಗಿಟ್ಟ ಮೇಲೆ ಬೇಡವೆನ್ನುವ ಕೆಲಸವೂ ಅಧ್ಯಕ್ಷನ ಪಾಲಿಗೇ ಬಂತು, ಅದನ್ನು ಅವನು ಆ ರಂಗಮಂದಿರದ ಕೋಣೆಯಲ್ಲಿ ಕೆಲವೇ ನಿಮಿಷ ಮಾಡಿ, ನಂತರ ಆದೇಶ ಕೊಟ್ಟ.